ಕೊಟ್ಟರೂ ಸಂಕಟ, ಕೊಡದಿದ್ದರೂ ಸಂಕಟ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸುಮಿತ್ರಾ ಅವರಿಗೆ 46 ವರ್ಷ. ಬೆಂಗಳೂರಿನ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಓಡಾಟ ಎಲ್ಲ ಸ್ಕೂಟರಿನಲ್ಲಿ. ನಿದ್ದೆ ಬರುತ್ತಿಲ್ಲ ಎಂದು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದರು. ಕಾರಣ ಏನಿರಬಹುದು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೇಳಿದರೆ ನಗ್ತೀರೇನೋ ಮೇಡಂ. ಸಿಗ್ನಲ್‌ನಲ್ಲಿ ಬೇಡೋರು" ಅಂದರು.

ಅವರು ಹೋಗುವ ದಾರಿಯ ಒಂದು ಸಿಗ್ನಲ್‌ನಲ್ಲಿ ಒಬ್ಬ ಹೆಂಗಸು ಹೆಗಲ ಮೇಲೆ ಮಗು ಹಾಕಿಕೊಂಡು ಬೇಡುತ್ತಾಳೆ. ಯಾವಾಗ ನೋಡಿದರೂ ಆ ಮಗು ನಿದ್ದೆಯಲ್ಲೇ ಇರುತ್ತದೆ. ಸುಮಿತ್ರಾ ಈಚೆಗೆ ಓದಿದ ಒಂದು ಪತ್ತೇದಾರಿ ಕಾದಂಬರಿಯಲ್ಲಿ ಮಕ್ಕಳನ್ನು ಬಾಡಿಗೆಗೆ ತಂದು, ನಿದ್ದೆ ಔಷಧಿ ಕುಡಿಸಿ, ಬೇಡಲು ಕಳಿಸುವ ಗುಂಪು ಬರುತ್ತದೆ. ಅದನ್ನು ಓದಿದ ಮೇಲೆ ಕೊಡುವುದನ್ನು ನಿಲ್ಲಿಸಿದರು. ಆದರೆ ರಾತ್ರಿ ಮಲಗಿದರೆ ಆ ಮಗುವಿನ ತಲೆ ಕಣ್ಣಿಗೆ ಕಟ್ಟುತ್ತದೆ. ನಿಜವಾಗಿಯೂ ಹಸಿದಿದ್ದರೆ? ಒಂದು ದಿನ ಅರ್ಧ ದಾರಿಯಿಂದ ಸ್ಕೂಟರ್ ತಿರುಗಿಸಿ ಬಂದು ಇಪ್ಪತ್ತು ರೂಪಾಯಿ ಕೊಟ್ಟರು. ಅವತ್ತು ರಾತ್ರಿ ಬೇರೆ ಚಿಂತೆ. ಆ ದುಡ್ಡು ಯಾರ ಕೈಗೆ ಹೋಯಿತೋ, ನಾನೇ ಆ ದಂಧೆ ಬೆಳೆಸಿದೆನೋ. ಈಗ ಆ ಸಿಗ್ನಲ್ ತಪ್ಪಿಸಲು ಸುತ್ತುದಾರಿ ಹಿಡಿದು ಆಫೀಸಿಗೆ ಹೋಗುತ್ತಿದ್ದರು.

ಅವರ ಯಜಮಾನರದು ಇನ್ನೊಂದು ದಾರಿ. ಶನಿವಾರ ಆಂಜನೇಯನ ಗುಡಿ ಮುಂದೆ ಕೂತವರಿಗೆಲ್ಲ ಚಿಲ್ಲರೆ ಹಾಕುತ್ತಾರೆ. "ಕೊಡೋದು ನಮ್ಮ ಕೆಲಸ. ಅವರನ್ನ ವಿಚಾರಣೆ ಮಾಡೋಕೆ ನಾವ್ಯಾರು?" ಎನ್ನುತ್ತಾರೆ. ಹೆಂಡತಿಯ ಸಂಕಟ ನೋಡಿ, ಇದೆಲ್ಲ ಆ ಕಾದಂಬರಿಗಳಿಂದಲೇ ಬಂದದ್ದು ಎಂದು ತೀರ್ಮಾನ ಮಾಡಿದರು. ಪುಸ್ತಕಗಳು ಮೂಟೆ ಕಟ್ಟಿ ಅಟ್ಟ ಸೇರಿದವು. ಸುಮಿತ್ರಾ ಕೂಡ ಒಪ್ಪಿಕೊಂಡುಬಿಟ್ಟಿದ್ದರು.

ಭಿಕ್ಷುಕರ ವಿಷಯಕ್ಕಿಂತ ನನಗೆ ಆತಂಕ ಅನಿಸಿದ್ದು ಇದು. ಅವರು ಹೈಸ್ಕೂಲಿನಿಂದ ಓದಿಕೊಂಡು ಬಂದವರು. ವಾರಪತ್ರಿಕೆ ಬಂದ ದಿನ ಧಾರಾವಾಹಿ ಮೊದಲು ಯಾರು ಓದಬೇಕು ಅಂತ ಅಮ್ಮನ ಜೊತೆ ಜಗಳ ಆಗುತ್ತಿತ್ತಂತೆ. ಮದುವೆಯಾದ ಮೇಲೆ ಬಾಡಿಗೆ ಲೈಬ್ರರಿ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಸಿಗುವ ಒಂದು ಗಂಟೆ ಅವರ ಇಡೀ ದಿನದಲ್ಲಿ ಅವರದ್ದೇ ಆದ ಹೊತ್ತು. ಅದನ್ನು ಬಿಟ್ಟು ತಿಂಗಳುಗಳಾಗಿದ್ದವು. ಜನಪ್ರಿಯ ಕಾದಂಬರಿ ಅಂದರೆ ಮೂಗು ಮುರಿಯುವವರು ಜಾಸ್ತಿ. ನಾನು ಮುರಿಯುವುದಿಲ್ಲ. ಮನೆಯಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳಲಾಗದ್ದನ್ನು ಒಂದು ಪಾತ್ರದ ನೆಪದಲ್ಲಿ ಅತ್ತು ಹಗುರಾಗುವ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಅಂಥ ಆಸರೆಯನ್ನು ಕಷ್ಟದ ಕಾಲದಲ್ಲೇ ಕಿತ್ತುಕೊಳ್ಳಬಾರದು.

ಹಾಗಾದರೆ ಕಾದಂಬರಿ ಏನೂ ಮಾಡಲಿಲ್ಲವೇ? ಒಂದು ಕೆಲಸ ಮಾಡಿತ್ತು. ಪತ್ತೇದಾರಿ ಕತೆಯಲ್ಲಿ ಕೊನೆಯ ಪುಟದ ಹೊತ್ತಿಗೆ ಕಳ್ಳ ಯಾರು, ಅಮಾಯಕ ಯಾರು ಗೊತ್ತಾಗುತ್ತದೆ. ಸಿಗ್ನಲ್‌ನಲ್ಲಿ ದೀಪ ಹಸಿರಾಗುತ್ತದೆ ಅಷ್ಟೇ. ಸುಮಿತ್ರಾ ಅಲ್ಲೂ ಕೊನೆಯ ಪುಟ ಹುಡುಕುತ್ತಿದ್ದರು.

ನನಗೆ ಗೊತ್ತಿರುವುದನ್ನು ಅವರಿಗೆ ನೇರವಾಗಿ ಹೇಳಿದೆ. ಮಕ್ಕಳನ್ನು ಬೇಡಲು ಬಳಸುವವರು ನಿಜವಾಗಿಯೂ ಇದ್ದಾರೆ. ಬಾಲನ್ಯಾಯ ಕಾಯ್ದೆ, 2015ರ 76ನೇ ಸೆಕ್ಷನ್ ಪ್ರಕಾರ ಅದಕ್ಕೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಇದೆ. ಹಾಗೆಯೇ, ಮಗುವನ್ನು ಬಿಟ್ಟು ಬರಲು ಮನೆಯೂ ಇಲ್ಲದೆ, ನೋಡಿಕೊಳ್ಳುವವರೂ ಇಲ್ಲದೆ ಹೆಗಲ ಮೇಲೆ ಹಾಕಿಕೊಂಡೇ ಬರುವ ತಾಯಂದಿರೂ ಇದ್ದಾರೆ. ಬಿಸಿಲಿಗೆ, ಹಸಿವಿಗೆ ಮಗು ಸೋತು ಮಲಗುತ್ತದೆ. ಎದುರಿಗಿರುವುದು ಇವೆರಡರಲ್ಲಿ ಯಾವುದು ಎಂದು ಒಂದೂವರೆ ನಿಮಿಷದಲ್ಲಿ ಹೇಳಲು ನಿಮ್ಮಿಂದಲೂ ಆಗಲ್ಲ, ನನ್ನಿಂದಲೂ ಆಗಲ್ಲ ಅಂದೆ. ಕೊಡುವುದು ಕಾನೂನಿನ ಪ್ರಕಾರ ತಪ್ಪಾ ಎಂದೂ ಕೇಳಿದರು. ಕರ್ನಾಟಕದ 1975ರ ಕಾಯ್ದೆ ನಿಷೇಧಿಸಿರುವುದು ಬೇಡುವುದನ್ನು.

ಅವರು ಲೆಕ್ಕದವರಲ್ಲವೇ, ಇನ್ನೊಂದು ಮಾತು ಅವರೇ ತೆಗೆದರು. ಆಸ್ತಿ ತೆರಿಗೆಯ ಜೊತೆ ಶೇ. 6 ಗ್ರಂಥಾಲಯ ಕರ, ಶೇ. 3 ಭಿಕ್ಷುಕರ ಕರ ಕಟ್ಟುತ್ತೇವೆ. "ಹಾಗಾದರೆ ನಾನು ಕೊಟ್ಟ ಹಾಗೇ ಆಯ್ತಲ್ಲ ಮೇಡಂ?" ಎಂದರು. ಹೌದು ಅಂದುಬಿಟ್ಟಿದ್ದರೆ ಅವತ್ತಿನ ಮಟ್ಟಿಗೆ ಅವರಿಗೆ ಸಮಾಧಾನ ಆಗುತ್ತಿತ್ತು. ಆದರೆ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಇರುವ, ಭಿಕ್ಷುಕರನ್ನು ಇರಿಸುವ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಹಲವರು ಸತ್ತದ್ದು ನನಗೆ ಚೆನ್ನಾಗಿ ನೆನಪಿದೆ. ಕರ ಕಟ್ಟಿದ ಮಾತ್ರಕ್ಕೆ ನಮ್ಮ ಹೊಣೆ ತೀರುವುದಿಲ್ಲ. ಆ ಹಣದಿಂದ ಅಲ್ಲಿ ಏನು ನಡೆಯುತ್ತಿದೆ ಎಂದು ಕೇಳುವ ಹಕ್ಕು ನಮಗಿದೆ ಎಂದೆ.

ಇಷ್ಟಾದರೂ ನನಗೆ ಒಂದು ವಿಷಯ ಕೊರೆಯುತ್ತಿತ್ತು. ಆ ಕಾದಂಬರಿ ಓದಿದವರು ಸಾವಿರಾರು ಜನ. ಇವರಿಗೇ ಯಾಕೆ ಹೀಗೆ ಅಂಟಿಕೊಂಡಿತು? ಮುಂದಿನ ಒಂದು ಭೇಟಿಯಲ್ಲಿ, "ಈಚೆಗೆ ಯಾರಾದರೂ ನಿಮಗೆ ಮೋಸ ಮಾಡಿದ್ದಾರಾ?" ಎಂದು ಕೇಳಿದೆ. ಅವರ ಕಣ್ಣಲ್ಲಿ ನೀರು ಬಂತು.

ಹತ್ತಿರದ ಸಂಬಂಧಿಯೊಬ್ಬಳು ಆಸ್ಪತ್ರೆ ಖರ್ಚು ಎಂದು ಅತ್ತುಕೊಂಡು ಬಂದು ನಲವತ್ತು ಸಾವಿರ ತೆಗೆದುಕೊಂಡು ಹೋಗಿದ್ದಳು. ಆಸ್ಪತ್ರೆಯೂ ಇಲ್ಲ, ಕಾಯಿಲೆಯೂ ಇಲ್ಲ ಎಂಬುದು ಆಮೇಲೆ ಗೊತ್ತಾಯಿತು. ಕೇಳಿದರೆ ಸಂಬಂಧ ಕೆಡುತ್ತದೆ ಎಂದು ಸುಮಿತ್ರಾ ಬಾಯಿ ಬಿಟ್ಟಿರಲಿಲ್ಲ. ಯಜಮಾನರಿಗೂ ಹೇಳಿರಲಿಲ್ಲ. ಸಂಬಂಧಿಯನ್ನು ಕೇಳಲಾಗದ ಪ್ರಶ್ನೆಯನ್ನೆಲ್ಲ ಆ ಸಿಗ್ನಲ್ ಹೆಂಗಸಿನ ಮೇಲೆ ಹೊರಿಸುತ್ತಿದ್ದರು. ನೀನು ನಿಜವಾ, ಸುಳ್ಳಾ? ಇಪ್ಪತ್ತು ರೂಪಾಯಿಯ ಹಿಂದೆ ನಲವತ್ತು ಸಾವಿರದ ನೋವು ಇತ್ತು.

ಅವರ ಬಾಲ್ಯದ ಬಗ್ಗೆ ಮಾತಾಡುವಾಗ ಶ್ರಾವಣ ಶನಿವಾರದ ನೆನಪು ಬಂತು. ಅವರ ತಮ್ಮ ಹಣೆಗೆ ನಾಮ ಹಾಕಿಕೊಂಡು, ಚೊಂಬು ಹಿಡಿದು, "ವೆಂಕಟರಮಣ ಗೋವಿಂದ" ಎಂದು ಬೀದಿಯ ಮನೆಗಳಿಗೆ ಹೋಗುತ್ತಿದ್ದನಂತೆ. ಇವರ ಮನೆಗೆ ಶಂಖ, ಜಾಗಟೆ ಹಿಡಿದು ದಾಸಯ್ಯ ಬರುತ್ತಿದ್ದ. ಅಮ್ಮ ಬೆಳಿಗ್ಗೆಯೇ ಅಕ್ಕಿ ಅಳೆದು ಇಟ್ಟಿರುತ್ತಿದ್ದರು. ಅದು ಮುಗಿದರೆ "ಮುಂದೆ ಹೋಗಪ್ಪ" ಎನ್ನುತ್ತಿದ್ದರು. ಹಾಗಂದದ್ದಕ್ಕೆ ಅಮ್ಮ ನಿದ್ದೆ ಕೆಡಿಸಿಕೊಂಡದ್ದು ಇವರಿಗೆ ನೆನಪಿಲ್ಲ. ನನ್ನ ಸಲಹೆ ಹುಟ್ಟಿದ್ದು ಇಲ್ಲಿಂದಲೇ. ಎಷ್ಟು, ಯಾರಿಗೆ ಎಂಬುದನ್ನು ಮನೆಯಲ್ಲೇ ತೀರ್ಮಾನ ಮಾಡಿ, ಸಿಗ್ನಲ್‌ನಲ್ಲಿ ಅಲ್ಲ.

ಅವರು ಕೂತು ಯೋಚಿಸಿ ಮಾಡಿಕೊಂಡ ತೀರ್ಮಾನ ಹೀಗಿತ್ತು. ಪ್ರತಿ ತಿಂಗಳು ಮುನ್ನೂರು ರೂಪಾಯಿ ಬೇರೆ ಪರ್ಸಿನಲ್ಲಿ. ಅದು ವಯಸ್ಸಾದವರಿಗೆ, ಕೈಕಾಲು ಆಗದವರಿಗೆ. ಮಕ್ಕಳ ಕೈಗೆ, ಮಗು ಎತ್ತಿಕೊಂಡವರಿಗೆ ದುಡ್ಡಿಲ್ಲ, ಬಿಸ್ಕತ್ತು ಅಥವಾ ಬಾಳೆಹಣ್ಣು. ಕೊಡದ ದಿನ ಫೋನ್ ನೋಡುವ ನಾಟಕ ಬೇಡ, ಮುಖ ನೋಡಿ "ಇಲ್ಲಮ್ಮ" ಅನ್ನುವುದು. ನಾನು ಸೇರಿಸಿದ್ದು ಒಂದೇ. ಮಗುವಿನ ಬಗ್ಗೆ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಜಾಗ, ಹೊತ್ತು, ಕಂಡದ್ದು ಇಷ್ಟು ಹೇಳಿ. ಸಾಬೀತು ಮಾಡುವ ಕೆಲಸ ನಿಮ್ಮದಲ್ಲ. ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ. ನಿರಾಶ್ರಿತರಾದ ವೃದ್ಧರು ಕಂಡರೆ ಹಿರಿಯರ ಸಹಾಯವಾಣಿ 14567.

ಸ್ಕೂಟರ್ ತಿರುಗಿಸಿ ಬರುವುದು, ಮತ್ತೆ ಮತ್ತೆ ಅದೇ ಯೋಚನೆ ಸುತ್ತುವುದು ಇತ್ತಲ್ಲ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅದು ಗೀಳು ಕಾಯಿಲೆಯ ಲಕ್ಷಣವೂ ಆಗಿರಬಹುದು. ಮನೋವೈದ್ಯರಿಗೆ ಒಮ್ಮೆ ತೋರಿಸಿ ಎಂದು ಕಳಿಸಿದೆ. ಸದ್ಯಕ್ಕೆ ಔಷಧಿ ಬೇಡ, ಸಮಾಲೋಚನೆ ಮುಂದುವರಿಸಿ ಎಂದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಯೋಚನೆ ಬಿಡದೆ ಕಾಡುತ್ತಿದ್ದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪುಸ್ತಕದ ಮೂಟೆ ಅಟ್ಟದಿಂದ ಇಳಿದಿದೆ. ಆಫೀಸಿಗೆ ಹಳೇ ದಾರಿಯಲ್ಲೇ ಹೋಗುತ್ತಿದ್ದಾರೆ. ಯಜಮಾನರು ಒಮ್ಮೆ ಜೊತೆಗೆ ಬಂದಿದ್ದರು. ನಲವತ್ತು ಸಾವಿರದ ವಿಷಯವನ್ನು ಸುಮಿತ್ರಾ ಗಂಡನಿಗೆ ನನ್ನೆದುರೇ ಹೇಳಿದರು. ಅವರು ಬೈಯಲಿಲ್ಲ, "ಮೊದಲೇ ಹೇಳಬಾರದಿತ್ತೇನೇ?" ಅಂದರು. ಹಣ ಇನ್ನೂ ವಾಪಸ್ ಬಂದಿಲ್ಲ. ಸಂಬಂಧಿಯ ಹತ್ತಿರ ಹೇಗೆ ಮಾತು ತೆಗೆಯಬೇಕು, ಅವಳು ಅತ್ತರೆ ಏನು ಹೇಳಬೇಕು ಎಂಬುದನ್ನು ಈಗ ನಾವಿಬ್ಬರೂ ಕೂತು ಅಭ್ಯಾಸ ಮಾಡುತ್ತಿದ್ದೇವೆ.