ಗೋವಾದ ಬೋಟಿನಲ್ಲಿ ಕಾಲು ಮುರಿದರೆ ಕಲಬುರಗಿಯಲ್ಲಿ ಕೇಸ್ ಹಾಕಬಹುದಾ?

ಹಾಕಬಹುದು. ಕೇಸ್ ಹಾಕೋಕೆ ಗೋವಾಕ್ಕೆ ಹೋಗಬೇಕಿಲ್ಲ.

ನೀವು ಕೇಳಿದ್ದು ಇಷ್ಟು. ಕಲಬುರಗಿಯ ಟೂರ್ ಏಜೆನ್ಸಿಗೆ ದುಡ್ಡು ಕಟ್ಟಿ ಮನೆಯವರೆಲ್ಲ ಗೋವಾಕ್ಕೆ ಹೋಗಿದ್ದಿರಿ. ಮಾಂಡೋವಿ ನದಿಯಲ್ಲಿ ಬೋಟಿನಿಂದ ಇಳಿಯುವಾಗ ಹಲಗೆ ಮೇಲೆ ಜಾರಿ ನಿಮ್ಮ ಅವ್ವನ ಕಾಲು ಮುರಿಯಿತು. ಬೋಟಿನವರು ಟಿಕೆಟ್ ಹಿಂಬದಿ ತೋರಿಸಿ, ‘ಸ್ವಂತ ಜವಾಬ್ದಾರಿ ಅಂತ ಬರೆದಿದೆ, ಐದು ಸಾವಿರ ಕೊಡ್ತೀವಿ, ಸಹಿ ಹಾಕಿ’ ಅಂದರು. ಮುಂದಿನ ವರ್ಷ ನಿಮ್ಮ ಅಣ್ಣ ವಿದೇಶದ ಕ್ರೂಸ್‌ಗೆ ಹೊರಟಿದ್ದಾರೆ, ಅಲ್ಲೂ ಇದೇ ಕಾನೂನಾ ಅಂತ ಇನ್ನೊಂದು ಪ್ರಶ್ನೆ. ನಾನು ಕಲಬುರಗಿಯಲ್ಲೇ ವಕೀಲಿ ಮಾಡುತ್ತೇನೆ, ನನ್ನ ಹತ್ತಿರ ಬರುವುದು ಜಾಸ್ತಿ ಗ್ರಾಹಕ ಕೇಸುಗಳೇ.

ಮೊದಲು ಸಹಿ ವಿಷಯ. ಹಾಕಬೇಡಿ. ‘ಇನ್ನು ಯಾವ ತಕರಾರೂ ಇಲ್ಲ’ ಅಂತ ಬರೆದ ಕಾಗದಕ್ಕೆ ಒಮ್ಮೆ ಸಹಿ ಬಿದ್ದರೆ, ಆಮೇಲೆ ಆಪರೇಷನ್ ಬಿಲ್ ಬಂದಾಗ ಅವರು ತೋರಿಸುವುದು ಅದೇ ಕಾಗದ.

ನಮ್ಮ ಕಡೆ ಆಕ್ಸಿಡೆಂಟ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಎಂವಿಸಿ ಕೇಸ್, ಅಂದರೆ ವಾಹನ ಅಪಘಾತದ ಪರಿಹಾರದ ಕೇಸ್. ಬೋಟಿಗೆ ಅದು ಬರಲ್ಲ, ಅದು ಮೋಟಾರು ವಾಹನಕ್ಕೆ ಮಾತ್ರ. ನಿಮಗೆ ಸರಿಯಾದ ದಾರಿ ಗ್ರಾಹಕ ಆಯೋಗ, ಜನ ಗ್ರಾಹಕ ಕೋರ್ಟ್ ಅನ್ನುವುದು ಇದಕ್ಕೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರುದಾರರು ವಾಸ ಇರುವ ಊರಿನಲ್ಲೇ ಕೇಸ್ ಹಾಕಬಹುದು. ಹಳೆಯ 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ದುಡ್ಡು ಕಟ್ಟಿದ್ದು ನೀವು, ಬಿದ್ದದ್ದು ಅವ್ವ ಅಂತಲೂ ತಲೆ ಕೆಡಿಸಿಕೊಳ್ಳಬೇಡಿ. ನೀವು ದುಡ್ಡು ಕೊಟ್ಟು ಪಡೆದ ಸೇವೆಯನ್ನು ನಿಮ್ಮ ಒಪ್ಪಿಗೆಯಿಂದ ಬಳಸಿದವರೂ ಗ್ರಾಹಕರೇ.

ಬೋಟ್ ಮಾಲೀಕರ ಜೊತೆಗೆ ಟೂರ್ ಏಜೆನ್ಸಿಯನ್ನೂ ಎದುರುದಾರರನ್ನಾಗಿ ಮಾಡಿ. ಪ್ಯಾಕೇಜಿನಲ್ಲಿ ಬೋಟ್ ಸೇರಿಸಿ ದುಡ್ಡು ತೆಗೆದುಕೊಂಡವರು ಅವರು. ‘ನಾವು ಬರೀ ಬುಕ್ ಮಾಡಿಕೊಟ್ಟಿದ್ದು’ ಅಂತ ಖಂಡಿತ ಹೇಳುತ್ತಾರೆ, ಹೇಳಲಿ. ಅವರ ಆಫೀಸ್ ಇದೇ ಊರಲ್ಲಿರುವುದರಿಂದ ಆದೇಶವಾದ ಮೇಲೆ ವಸೂಲಿಗೂ ಸುಲಭ.

ಟಿಕೆಟ್ ಹಿಂದಿನ ಆ ಸಾಲಿಗೆ ಜನ ಹೆದರುವಷ್ಟು ಬಲ ಇಲ್ಲ. ಅಲೆ ಬಂದು ಬೋಟ್ ಸ್ವಲ್ಪ ಕುಲುಕಿದರೆ ಅದು ನಿಮ್ಮ ಜವಾಬ್ದಾರಿ ಅನ್ನಬಹುದು. ಒದ್ದೆ ಹಲಗೆ, ಹಿಡಿದುಕೊಳ್ಳಲು ಹಗ್ಗ ಇಲ್ಲ, ವಯಸ್ಸಾದವರಿಗೆ ಕೈ ಕೊಡಲು ಒಬ್ಬ ಹುಡುಗನೂ ಇಲ್ಲ ಅಂದರೆ ಅದು ಸೇವಾ ನ್ಯೂನತೆ, ಅಂದರೆ ದುಡ್ಡು ತೆಗೆದುಕೊಂಡು ಕೊಟ್ಟ ಸೇವೆಯಲ್ಲಿನ ಲೋಪ. ಆದರೆ ಅದನ್ನು ತೋರಿಸಬೇಕಾದವರು ನೀವು. ಇಂಥ ಕೇಸ್ ಸೋಲುವುದು ಕಾನೂನು ಇಲ್ಲದೆ ಅಲ್ಲ, ಸಾಕ್ಷಿ ಇಲ್ಲದೆ.

ಹಾಗಾಗಿ ಇವತ್ತೇ ಟೂರಿನ ವಾಟ್ಸಾಪ್ ಗ್ರೂಪ್ ತೆಗೆಯಿರಿ. ಯಾರೋ ಒಬ್ಬರು ಇಳಿಯುವಾಗ ವಿಡಿಯೋ ಮಾಡಿರುತ್ತಾರೆ, ಮೊಮ್ಮಗುವಿನ ರೀಲ್ಸ್‌ನ ಹಿಂದೆಯೇ ಆ ಹಲಗೆ ಕಾಣಬಹುದು. ಅದನ್ನು ಫಾರ್ವರ್ಡ್ ಆದದ್ದಲ್ಲ, ತೆಗೆದವರ ಫೋನಿನಿಂದಲೇ ಮೂಲ ಫೈಲ್ ಪಡೆಯಿರಿ. ಜೊತೆಗಿದ್ದ ಇಬ್ಬರು ಅಫಿಡವಿಟ್ ಕೊಟ್ಟರೆ ಇನ್ನೂ ಒಳ್ಳೆಯದು, ಅವರು ನಿಮ್ಮ ಬೀಗರೇ ಆಗದಿದ್ದರೆ ಚೆಂದ. ಗೋವಾ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ‘ಬೋಟಿನಿಂದ ಇಳಿಯುವಾಗ ಬಿದ್ದದ್ದು’ ಅಂತ ಇದೆಯಾ ನೋಡಿ. ಸುಮ್ನೆ ‘ಬಿದ್ದದ್ದು’ ಅಂತಿದ್ದರೆ ಎದುರು ವಕೀಲರು ಹೋಟೆಲ್ ಬಾತ್‌ರೂಮಿನಲ್ಲಿ ಬಿದ್ದಿದ್ದು ಅಂತಾರೆ. ಜೆಟ್ಟಿಯ ಸಿಸಿಟಿವಿ ಬಹಳ ದಿನ ಉಳಿಯಲ್ಲ. ಆ ದಿನದ ದೃಶ್ಯ ಅಳಿಸಬೇಡಿ ಅಂತ ಬೋಟಿನವರಿಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ. ಅದರಲ್ಲೇ ಬೋಟಿನ ನೋಂದಣಿ, ಸರ್ವೆ (ಬೋಟ್ ತಪಾಸಣೆ) ಪ್ರಮಾಣಪತ್ರ, ವಿಮೆ ಪಾಲಿಸಿ ಕೇಳಿ. ಒಳನಾಡು ಹಡಗುಗಳ ಕಾಯ್ದೆ 2021 ಎಂಜಿನ್ ಇರುವ ಬೋಟಿಗೆ ಈ ಮೂರನ್ನೂ ಕೇಳುತ್ತದೆ. ವಿಮೆ ಇದ್ದರೆ ದುಡ್ಡು ಬರುವ ದಾರಿ ಇದೆ ಅಂತ. ಯಾದಗಿರಿ ಕಡೆ ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟುವಾಗ ಪೆಟ್ಟಾದರೆ ಕಾನೂನಿನಲ್ಲಿ ಹಕ್ಕು ಇರಬಹುದು, ಆದರೆ ಬಡ ಅಂಬಿಗನಿಂದ ಏನು ವಸೂಲಿ ಮಾಡ್ತೀರಿ?

ಖರ್ಚು ಹೆಚ್ಚಿಲ್ಲ. ಜಿಲ್ಲೆ, ರಾಜ್ಯ, ರಾಷ್ಟ್ರ ಈ ಮೂರರಲ್ಲಿ ಯಾವ ಆಯೋಗ, ಎಷ್ಟು ಶುಲ್ಕ ಅನ್ನುವುದು ನೀವು ಕೇಳುವ ಪರಿಹಾರದ ಮೇಲೆ ಅಲ್ಲ, ಸೇವೆಗೆ ಕಟ್ಟಿದ ದುಡ್ಡಿನ ಮೇಲೆ ನಿಂತಿದೆ. ಅದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ದೂರು ಸಲ್ಲಿಸಬಹುದು. ಗಡುವು ಘಟನೆ ನಡೆದ ದಿನದಿಂದ 2 ವರ್ಷ. ಎದುರುದಾರರಿಗೆ ಉತ್ತರ ಕೊಡಲು 30 ದಿನ, ತಪ್ಪಿದರೆ ಇನ್ನು 15. ಮೂರು ತಿಂಗಳಲ್ಲಿ ತೀರ್ಮಾನ ಅಂತ ಕಾಯ್ದೆ ಹೇಳುತ್ತದೆ, ಅದನ್ನು ನಂಬಿ ಕೂರಬೇಡಿ. ಆಸ್ಪತ್ರೆ ಬಿಲ್, ಓಡಾಟದ ಖರ್ಚು, ಮನೆಯಲ್ಲಿ ನೋಡಿಕೊಳ್ಳಲು ಇಟ್ಟವರ ಸಂಬಳ, ಇವಕ್ಕೆ ರಸೀದಿ ಇಟ್ಟರೆ ಸಿಗುತ್ತದೆ. ಮಾನಸಿಕ ವೇದನೆಗೆ ಹತ್ತು ಲಕ್ಷ ಕೇಳಿದರೆ ಕೊಡಲ್ಲ, ಸುಮ್ನೆ ದೊಡ್ಡ ಅಂಕಿ ಬರೆಯಬೇಡಿ.

ಅಣ್ಣನ ಕ್ರೂಸ್ ಕಥೆ ಬೇರೆ. ಮುಂಬೈಯಿಂದ ಹೊರಡುವ ಭಾರತೀಯ ಕಂಪನಿಯ ಹಡಗಾದರೆ ಮೇಲೆ ಹೇಳಿದ ಗ್ರಾಹಕ ಆಯೋಗದ ದಾರಿಯೇ. ಅಮೆರಿಕದ ದೊಡ್ಡ ಕಂಪನಿಗಳ ಟಿಕೆಟ್ ಅಂದರೆ ಹತ್ತಾರು ಪುಟದ ಒಪ್ಪಂದ. ಪೆಟ್ಟಾದ 6 ತಿಂಗಳೊಳಗೆ ಲಿಖಿತ ನೋಟಿಸ್, ಒಂದು ವರ್ಷದೊಳಗೆ ದಾವೆ, ಅದೂ ಮಯಾಮಿಯಲ್ಲೇ, ಅಂತ ಸಾಮಾನ್ಯವಾಗಿ ಇರುತ್ತದೆ. ವಾಷಿಂಗ್ಟನ್ ರಾಜ್ಯದ ಒಬ್ಬ ಮಹಿಳೆ ಹಡಗಿನಲ್ಲಿ ಜಾರಿ ಬಿದ್ದು ತನ್ನ ಊರಲ್ಲೇ ಕೇಸ್ ಹಾಕಿದ್ದರು. ಟಿಕೆಟ್‌ನಲ್ಲಿ ಫ್ಲೋರಿಡಾ ಅಂತಿದೆ, ಅಲ್ಲಿಗೇ ಹೋಗಿ ಅಂತ 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅಮೆರಿಕದವರಿಗೇ ಹೀಗಾದರೆ ನಮ್ಮ ಪಾಡು ಹೇಳಬೇಕಾ?

ಅದಕ್ಕೆ ಅಣ್ಣ ಇಲ್ಲಿನ ಏಜೆನ್ಸಿ ಮೂಲಕ, ಜಿಎಸ್‌ಟಿ ಬಿಲ್ ತೆಗೆದುಕೊಂಡು ಬುಕ್ ಮಾಡಲಿ, ಕೊನೆಗೆ ಹಿಡಿಯಲು ಒಬ್ಬರಾದರೂ ಇಲ್ಲಿರಲಿ. ವೈದ್ಯಕೀಯ ಖರ್ಚು ಸೇರಿದ ಪ್ರಯಾಣ ವಿಮೆ ಬಿಡುವಂತಿಲ್ಲ, ಹಡಗಿನ ಡಾಕ್ಟರ್ ಬಿಲ್ ನೋಡಿದರೆ ಕಾಲು ನೋವು ಮರೆತುಹೋಗುತ್ತದೆ. ಹಡಗಿನಲ್ಲಿ ಏನಾದರೂ ಆದರೆ ಇಳಿಯುವ ಮೊದಲೇ ಘಟನೆ ವರದಿ ಬರೆಸಿ ಪ್ರತಿ ಕೇಳಲಿ.

ನಿಮ್ಮ ಅವ್ವ ಮಹಿಳೆ ಆದ್ದರಿಂದ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಕೋರ್ಟ್ ಆವರಣಕ್ಕೇ ಹೋದರೂ ಆಯಿತು, ಎಕ್ಸ್‌ರೇ ಮತ್ತು ಆ ಟಿಕೆಟ್ ಎರಡನ್ನೂ ಮರೆಯದೆ ಒಯ್ಯಿರಿ.