ಸಂಪಾದಕರ ಉತ್ತರ: 25 ಡಾಲರಿಗೆ ಶಾಸಕ ಮಾರಾಟವಾಗುತ್ತಾನಾ?

ನಾರ್ತ್ ಕ್ಯಾರೊಲೈನಾದ ರಾಲಿಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅಮೆರಿಕದ ಕೆಲವು ರಾಜ್ಯಗಳು ಲಾಬಿಗಾರರು (ಕಂಪನಿ, ಸಂಘಟನೆಗಳ ಪರವಾಗಿ ಶಾಸಕರ ಮನವೊಲಿಸುವುದೇ ಕೆಲಸವಾಗಿರುವವರು) ಶಾಸಕರಿಗೆ ಚುನಾವಣಾ ದೇಣಿಗೆ ಕೊಡದಂತೆ ತಡೆದಿರುವುದನ್ನು ಹೋದ ಸಂಚಿಕೆಯಲ್ಲಿ ನಾವು ಮೆಚ್ಚಿ ಬರೆದಿದ್ದೆವು. ಅದೆಲ್ಲ ಬರೀ ತೋರಿಕೆ, ದುಡ್ಡು ಬೇರೆ ದಾರಿಯಲ್ಲಿ ಬಂದೇ ಬರುತ್ತದೆ, ಸಿಕ್ಕಿಬೀಳುವುದು ಮಾತ್ರ ಚಿಲ್ಲರೆ ಕೊಡುವವರು ಅನ್ನುವುದು ಅವರ ತಕರಾರು. ಜೊತೆಗೆ ಎರಡು ಪ್ರಶ್ನೆ: ಕರ್ನಾಟಕದಲ್ಲಿ ಇಂಥ ಕಾನೂನು ಯಾಕಿಲ್ಲ? ಎಚ್-1ಬಿ ವೀಸಾದಲ್ಲಿರುವ ತಾವು ಅಲ್ಲಿನ ಅಭ್ಯರ್ಥಿಗೆ ದೇಣಿಗೆ ಕೊಡಬಹುದೇ?

ಪ್ರಿಯ ಓದುಗರೇ,

ಚಿಲ್ಲರೆ ಕೊಡುವವರ ಮಾತಿನಿಂದಲೇ ಶುರು ಮಾಡೋಣ, ಏಕೆಂದರೆ ಅದು ನಿಮ್ಮ ರಾಜ್ಯದಲ್ಲೇ ಕೋರ್ಟಿಗೆ ಹೋದ ವಿಷಯ. ನಾಗರಿಕ ಹಕ್ಕುಗಳ ಸಂಘಟನೆಯೊಂದರ ಪರವಾಗಿ ಲಾಬಿ ಮಾಡುತ್ತಿದ್ದ ಮಹಿಳೆಯೊಬ್ಬರು, ತಮಗೆ ಹಿಡಿಸಿದ ಅಭ್ಯರ್ಥಿಗಳಿಗೆ 25 ಡಾಲರ್ ಕೊಡಲು ಬಿಡಿ ಎಂದು ಕೇಳಿದರು. ಇಷ್ಟಕ್ಕೆ ಯಾವ ಶಾಸಕ ಮಾರಾಟವಾಗುತ್ತಾನೆ ಹೇಳಿ? ನ್ಯಾಯವಾದ ಪ್ರಶ್ನೆಯೇ. ಆದರೂ 2011ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಪೂರ್ತಿ ನಿಷೇಧವನ್ನೇ ಎತ್ತಿಹಿಡಿಯಿತು. ಅದಕ್ಕೂ ಒಂದು ವರ್ಷ ಮೊದಲು, ಕನೆಕ್ಟಿಕಟ್‌ನ ಇಂಥದ್ದೇ ಕಾನೂನನ್ನು ಇನ್ನೊಂದು ಮೇಲ್ಮನವಿ ಕೋರ್ಟು ರದ್ದು ಮಾಡಿತ್ತು. ಅಲ್ಲಿ ಸರ್ಕಾರಿ ಕಾಂಟ್ರಾಕ್ಟರುಗಳ ದೇಣಿಗೆ ಮೇಲಿನ ನಿಷೇಧ ಉಳಿಯಿತು, ಲಾಬಿಗಾರರದ್ದು ಬಿದ್ದುಹೋಯಿತು. ಅಂದರೆ ನಿಮ್ಮ ಅನುಮಾನ ನ್ಯಾಯಾಧೀಶರಿಗೂ ಇದೆ.

ನಿಮ್ಮಲ್ಲಿ ಈ ಕಾನೂನು ಯಾವಾಗ ಬಂತು ನೋಡಿ. 2006ರಲ್ಲಿ, ವಿಧಾನಸಭೆಯ ಸ್ಪೀಕರ್ ಜಿಮ್ ಬ್ಲ್ಯಾಕ್ ಸುತ್ತ ತನಿಖೆ ಬಿಗಿಯಾಗುತ್ತಿದ್ದಾಗ. ಮರುವರ್ಷ ಅವರು ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಬೆನ್ನು ಮೂಳೆ ಸರಿಮಾಡುವ ಕೈರೊಪ್ರಾಕ್ಟರುಗಳಿಂದ ಅವರು ನಗದು ತೆಗೆದುಕೊಂಡಿದ್ದು ರೆಸ್ಟೋರೆಂಟಿನ ಬಾತ್‌ರೂಮಿನಲ್ಲಂತೆ! ಅದು ಮೊದಲೇ ಅಪರಾಧ, ಅದಕ್ಕೆ ಹೊಸ ಕಾನೂನೇನೂ ಬೇಕಿರಲಿಲ್ಲ. ಆದರೆ ಜನ ಸಿಟ್ಟಾದಾಗಲೇ ಇಂಥ ಕಾನೂನು ಪಾಸಾಗುವುದು. ಕೆಂಟಕಿಯಲ್ಲೂ ಹಾಗೇ ಆಯಿತು. 1992ರಲ್ಲಿ ಫೆಡರಲ್ ತನಿಖಾ ಸಂಸ್ಥೆ ಎಫ್‌ಬಿಐ ಲಂಚದ ಪ್ರಕರಣದಲ್ಲಿ ಶಾಸಕರನ್ನು ಹಿಡಿಯಿತು, 1993ರಲ್ಲಿ ಲಾಬಿಗಾರರ ದೇಣಿಗೆ ನಿಂತಿತು.

ಈಗ ನಿಮ್ಮ ಮುಖ್ಯ ತಕರಾರು, ದುಡ್ಡು ಬೇರೆ ದಾರಿಯಲ್ಲಿ ಬರುತ್ತದೆ ಅನ್ನುವುದು. ಹೌದು, ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮತದಾರರು 1974ರಲ್ಲೇ ಲಾಬಿಗಾರರ ದೇಣಿಗೆಗೆ ಬೀಗ ಹಾಕಿದರು. ಬೀಗ ತೀರಾ ದೊಡ್ಡದಾಯಿತು ಎಂದು 1979ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ತೆಗೆಸಿತು. 2000ದಲ್ಲಿ ಮತದಾರರು ಚಿಕ್ಕ ಬೀಗ ಹಾಕಿದರು: ನೀವು ಯಾರ ಹತ್ತಿರ ಲಾಬಿ ಮಾಡಲು ನೋಂದಣಿ ಮಾಡಿಸಿದ್ದೀರೋ ಅವರಿಗೆ ಮಾತ್ರ ಕೊಡುವಂತಿಲ್ಲ. ಇದು ಕೋರ್ಟಿನಲ್ಲಿ ಉಳಿಯಿತು. ಆದರೆ ಲಾಬಿಗಾರ ಮನೆಯಲ್ಲಿ ಶಾಸಕರಿಗೋಸ್ಕರ ಫಂಡ್ ಎತ್ತುವ ಪಾರ್ಟಿ ಮಾಡಿದರೆ 500 ಡಾಲರ್ ತನಕದ ಖರ್ಚು ದೇಣಿಗೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸುಮ್ನೆ ಇರುತ್ತಾರಾ? ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದ ಒಬ್ಬ ದೊಡ್ಡ ಲಾಬಿಗಾರನ ಮನೆಯಲ್ಲಿ ವೈನ್, ಸಿಗಾರ್ ಎಲ್ಲ ಸೇರಿ ಖರ್ಚು ಆ ಮಿತಿ ದಾಟುತ್ತಿತ್ತು. 2014ರಲ್ಲಿ ಅವನಿಗೆ ಬಿದ್ದ ದಂಡ 1,33,500 ಡಾಲರ್. ಅದೇ ವರ್ಷ ಮನೆ ಪಾರ್ಟಿಯ ಬಾಗಿಲೂ ಮುಚ್ಚಿತು. ಇಷ್ಟಾದರೂ ಅವನಿಗೆ ಸಂಬಳ ಕೊಡುವ ಕಂಪನಿ ಇವತ್ತಿಗೂ ಮಿತಿಯೊಳಗೆ ನೇರವಾಗಿ ಚೆಕ್ ಕೊಡಬಹುದು. ಅಭ್ಯರ್ಥಿಯ ಜೊತೆ ಮಾತಾಡಿಕೊಳ್ಳದೆ ಅವನ ಪರ ಬೇರೆಯವರು ಸ್ವಂತವಾಗಿ ಮಾಡುವ ಜಾಹೀರಾತು ಖರ್ಚಿಗಂತೂ ಮಿತಿಯೇ ಇಲ್ಲ.

ಹಾಗಾದರೆ ಯಾಕೆ ಇದನ್ನು ಮೆಚ್ಚಿದಿರಿ ಅಂತ ಕೇಳುತ್ತೀರಿ, ಅಲ್ವಾ?

ನಾವೆಲ್ಲ ಈ ವ್ಯವಹಾರವನ್ನು ಒಂದೇ ಕಡೆಯಿಂದ ನೋಡುತ್ತೇವೆ: ಲಾಬಿಗಾರ ಕೊಡುತ್ತಾನೆ, ಶಾಸಕ ಬಲೆಗೆ ಬೀಳುತ್ತಾನೆ. ಎಷ್ಟೋ ಸಲ ಅದು ಉಲ್ಟಾ. ಮಸೂದೆ ಸಮಿತಿಯ ಮುಂದಿದೆ. ಅದೇ ವಾರ ಆ ಸಮಿತಿಯ ಅಧ್ಯಕ್ಷರ ಕಡೆಯಿಂದ ಫೋನ್ ಬರುತ್ತದೆ, ಶಾಸಕರಿಗೆ ಫಂಡ್ ಎತ್ತುವ ಬ್ರೇಕ್‌ಫಾಸ್ಟ್ ಕಾರ್ಯಕ್ರಮಕ್ಕೆ ಒಂದು ಟಿಕೆಟ್ ತಗೊಳ್ಳಿ ಅಂತ. ಬೆದರಿಕೆ ಇಲ್ಲ, ಒಂದು ಕೆಟ್ಟ ಮಾತಿಲ್ಲ. ಆದರೆ ನಾಳೆ ಅದೇ ಬಾಗಿಲು ತಟ್ಟಬೇಕಾದವನು ಇವತ್ತು ಹೇಗೆ ಇಲ್ಲ ಅನ್ನುತ್ತಾನೆ? ಕಾನೂನಿದ್ದರೆ ಅವನು ಆರಾಮಾಗಿ ಹೇಳಬಹುದು: ಸಾರ್, ನನಗೆ ಕೊಡೋಕೆ ಬರಲ್ಲ. ಸಣ್ಣ ಸಂಘಟನೆಗಳ ಪರ, ಅಂಗವಿಕಲರ ಪರ, ಬಾಡಿಗೆದಾರರ ಪರ ಮಾತಾಡಲು ಹೋಗುವವರಿಗೆ ಇದರಿಂದ ಉಪಯೋಗ ಜಾಸ್ತಿ, ಯಾಕೆಂದರೆ ಪಕ್ಕದಲ್ಲಿ ಕೂತವನೂ ಚೆಕ್‌ಬುಕ್ ತೆಗೆಯುವಂತಿಲ್ಲ. 25 ಡಾಲರಿನ ಆ ಮಹಿಳೆಯ ಬಗ್ಗೆ ನನಗೆ ಬೇಜಾರಿದೆ. ಆದರೆ 25ಕ್ಕೆ ಬಾಗಿಲು ತೆಗೆದರೆ ಫೋನ್ ಮತ್ತೆ ಬರಲು ಶುರುವಾಗುತ್ತದೆ. ಅಲಾಸ್ಕಾದ ಮಧ್ಯದ ದಾರಿ ನನಗೆ ಹಿಡಿಸುತ್ತದೆ: ಅಲ್ಲಿ ಲಾಬಿಗಾರ ತಾನು ವೋಟು ಹಾಕುವ ಕ್ಷೇತ್ರದ ಅಭ್ಯರ್ಥಿಗೆ ಮಾತ್ರ ಕೊಡಬಹುದು.

ಇನ್ನು ಸಮಯದ ಮಾತು. ನನ್ನ ಪ್ರಕಾರ ಯಾರು ಕೊಟ್ಟರು ಅನ್ನುವಷ್ಟೇ ಯಾವಾಗ ಕೊಟ್ಟರು ಅನ್ನುವುದೂ ಮುಖ್ಯ. 1989ರಲ್ಲಿ ಟೆಕ್ಸಾಸ್‌ನ ಕೋಳಿ ಉದ್ಯಮಿ ಬೋ ಪಿಲ್‌ಗ್ರಿಮ್, ಗಾಯಗೊಂಡ ಕಾರ್ಮಿಕರ ಪರಿಹಾರದ ಕಾನೂನು ಚರ್ಚೆಯಲ್ಲಿದ್ದಾಗಲೇ ಸೆನೆಟ್ ಒಳಗೆ ಹೋಗಿ ಸೆನೆಟರುಗಳ ಕೈಗೆ ತಲಾ 10,000 ಡಾಲರಿನ ಚೆಕ್ ಕೊಟ್ಟ. ಯಾರ ಹೆಸರಿಗೆ ಅನ್ನುವ ಜಾಗ ಖಾಲಿ! ಆಗ ಅದು ಕಾನೂನುಬಾಹಿರವೇ ಆಗಿರಲಿಲ್ಲ. ಎರಡು ವರ್ಷದಲ್ಲಿ ಟೆಕ್ಸಾಸಿಗೆ ಇಂಥದ್ದನ್ನು ನೋಡಿಕೊಳ್ಳುವ ಎಥಿಕ್ಸ್ ಕಮಿಷನ್ ಬಂತು. ಈಗ ಅಲ್ಲಿ ಮಾಮೂಲಿ ಅಧಿವೇಶನಕ್ಕೆ 30 ದಿನ ಇರುವಾಗಲೇ ದೇಣಿಗೆ ನಿಲ್ಲುತ್ತದೆ, ಕೊಡುವವನು ಲಾಬಿಗಾರನಾಗಿರಲಿ ಕೋಳಿ ಉದ್ಯಮಿಯಾಗಿರಲಿ. ನಿಮ್ಮ ರಾಜ್ಯದಲ್ಲಿ ಅಧಿವೇಶನ ನಡೆಯುವಾಗ ಲಾಬಿಗಾರರನ್ನು ಇಟ್ಟುಕೊಂಡ ಸಂಸ್ಥೆಗಳು ದೇಣಿಗೆ ಕೊಡಲೆಂದು ನಡೆಸುವ ರಾಜಕೀಯ ಸಮಿತಿಗಳೂ ಕೊಡುವಂತಿಲ್ಲ. ನೀವು ಹೇಳುವ ಬೇರೆ ದಾರಿಗೆ ಅಷ್ಟರ ಮಟ್ಟಿಗೆ ಬೇಲಿ ಇದೆ. ಅಧಿವೇಶನದ ಹಿಂದಿನ ದಿನಗಳಲ್ಲಿ ಫಂಡ್ ಎತ್ತುವ ಗಡಿಬಿಡಿ ಇರುತ್ತದೆ, ಇರಲಿ.

ಕರ್ನಾಟಕದ ಪ್ರಶ್ನೆಗೆ ಉತ್ತರ ಚಿಕ್ಕದು. ಲಾಬಿಗಾರರನ್ನು ತಡೆಯಲು ಮೊದಲು ಅವರು ಯಾರೆಂದು ಗೊತ್ತಿರಬೇಕು. ಭಾರತದಲ್ಲಿ ಅವರ ನೋಂದಣಿಗೆ ಕಾನೂನೇ ಇಲ್ಲ. ವಿಧಾನಸೌಧದ ಕಾರಿಡಾರಿನಲ್ಲಿ ಓಡಾಡುವವರಲ್ಲಿ ಯಾರು ಯಾರ ಪರ ಬಂದವರು ಅಂತ ಯಾವ ರಿಜಿಸ್ಟರೂ ಹೇಳುವುದಿಲ್ಲ. ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಬಾಂಡ್ ಕೊಟ್ಟಿತು ಅಂತ ತಿಳಿಯುವುದಕ್ಕೇ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಚುನಾವಣಾ ಬಾಂಡ್ ರದ್ದು ಮಾಡಬೇಕಾಯಿತು.

ಕೊನೆಗೆ ನಿಮ್ಮ ಸ್ವಂತ ಪ್ರಶ್ನೆ. ಎಚ್-1ಬಿಯಲ್ಲಿ ಇರುವವರೆಗೆ ಕೊಡಬೇಡಿ. ವಿದೇಶಿಯರು ದೇಣಿಗೆ ಕೊಡಬಾರದು ಅನ್ನುವ ಫೆಡರಲ್ ಕಾನೂನಿನ ನಿಷೇಧ ರಾಜ್ಯದ ಮತ್ತು ಊರಿನ ಚುನಾವಣೆಗೂ ಅನ್ವಯಿಸುತ್ತದೆ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು. ಸಿಟಿಜನ್ ಆಗಿರುವ ಗೆಳೆಯರ ಕೈಗೆ ದುಡ್ಡು ಕೊಟ್ಟು ಅವರ ಹೆಸರಿನಲ್ಲಿ ಕಳಿಸುವುದೂ ಅಪರಾಧವೇ. ದುಡ್ಡು ತೆಗೆದುಕೊಳ್ಳದೆ ಅಭ್ಯರ್ಥಿ ಪರ ಫೋನ್ ಮಾಡುವುದು, ಮನೆಮನೆಗೆ ಹೋಗುವುದು ಇಂಥ ಕೆಲಸಕ್ಕೆ ಅಡ್ಡಿಯಿಲ್ಲ.

– ಸಂ.