ಕೇಸ್ ತರಚಿದೆ, ಕಾಮಿಕ್ ಕೊಳ್ಳಬಹುದೇ?

ಪ್ರಶ್ನೆ: ನಾನು ಹತ್ತು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. 1974ರ ನವೆಂಬರ್ ತಿಂಗಳ 'ಇನ್‌ಕ್ರೆಡಿಬಲ್ ಹಲ್ಕ್' 181ನೆಯ ಸಂಚಿಕೆಯನ್ನು ಕೊಳ್ಳಬೇಕೆಂಬುದು ಬಹುದಿನದ ಆಸೆ. ಕಾಮಿಕ್‌ಗಳ ಸ್ಥಿತಿಯನ್ನು ಪರೀಕ್ಷಿಸಿ, ಹತ್ತರವರೆಗಿನ ಗ್ರೇಡ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕೇಸ್‌ನಲ್ಲಿ ಮುಚ್ಚಿಕೊಡುವ ಸಿಜಿಸಿ ಸಂಸ್ಥೆಯಿಂದ 6.0 ಗ್ರೇಡ್ ಪಡೆದ, ನೀಲಿ ಲೇಬಲ್ಲಿನ (ಅಂದರೆ ಸಾಮಾನ್ಯ ಗ್ರೇಡ್‌ನ) ಒಂದು ಪ್ರತಿ ಈಗ ಮಾರಾಟಕ್ಕಿದೆ. ಕೇಸ್‌ನ ಮುಂಭಾಗದಲ್ಲೆಲ್ಲ ಗೀರುಗಳಿವೆ, ಕೆಳಗಿನ ಬಲಮೂಲೆಯಲ್ಲಿ ಸಣ್ಣ ಬಿರುಕಿದೆ, ಮೇಲ್ಭಾಗದಲ್ಲಿ ನೀರಿನ ಮೇಲೆ ಎಣ್ಣೆ ಬಿದ್ದಂತೆ ಕಾಮನಬಿಲ್ಲಿನ ಬಣ್ಣದ ಕಲೆ ಕಾಣುತ್ತದೆ. ಇದೇ ಕಾರಣಕ್ಕೆ ಮಾರುವವರು 200 ಡಾಲರ್ ಇಳಿಸಿದ್ದಾರೆ. ಕೊಳ್ಳಬಹುದೇ? ಕೇಸ್ ಬದಲಾಯಿಸಿದರೆ ಗ್ರೇಡ್ ಹಾಗೆಯೇ ಉಳಿಯುತ್ತದೆಯೇ?
— ಓದುಗರೊಬ್ಬರು, ಫ್ರಿಮಾಂಟ್

ಉತ್ತರ: ನೀವು ಹೇಳಿದ ಮೂರು ದೋಷಗಳನ್ನು ಒಂದೇ ತಕ್ಕಡಿಗೆ ಹಾಕಬೇಡಿ. ಬಣ್ಣದ ಕಲೆ ದೋಷವೇ ಅಲ್ಲ, ಗೀರು ನೋಟಕ್ಕೆ ಮಾತ್ರ ಅಡ್ಡಿ. ಬಿರುಕು ಮಾತ್ರ ನೀವು ಹಣ ಕೊಡುತ್ತಿರುವ ಭರವಸೆಯನ್ನೇ ಮುಟ್ಟುವ ಸಂಗತಿ.

ಮೊದಲು ಆ ಬಣ್ಣದ ಕಲೆಯನ್ನು ನೋಡೋಣ. ಸಿಜಿಸಿ ಕೇಸ್‌ನೊಳಗೆ ಕಾಮಿಕ್ ನೇರವಾಗಿ ಹೊರಗಿನ ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿ ಇರುವುದಿಲ್ಲ. ಅದನ್ನು ತೆಳುವಾದ ಇನ್ನೊಂದು ಒಳ ಹೊದಿಕೆಯಲ್ಲಿ ಇಟ್ಟಿರುತ್ತಾರೆ. ಈ ಎರಡು ಪದರಗಳು ಒಂದಕ್ಕೊಂದು ತೀರ ಹತ್ತಿರ ಬಂದ ಕಡೆ ಬೆಳಕು ಪ್ರತಿಫಲಿಸಿ ಮೂಡುವ ಬಣ್ಣದ ವರ್ತುಲಗಳಿಗೆ ನ್ಯೂಟನ್ ರಿಂಗ್ಸ್ ಎನ್ನುತ್ತಾರೆ. ಕೇಸನ್ನು ಸ್ವಲ್ಪ ಓರೆ ಮಾಡಿದರೆ, ಇಲ್ಲವೇ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅವು ಜಾಗ ಬದಲಿಸುತ್ತವೆ. ಕಾಗದಕ್ಕೆ ನಿಜವಾಗಿ ಹಿಡಿದ ತೇವದ ಕಲೆ ಹಾಗೆ ಕದಲುವುದಿಲ್ಲ. ಮಾರುವವರಿಂದ ಫೋಟೋ ಬೇಡ, ಕೇಸನ್ನು ಓರೆ ಮಾಡುತ್ತ ತೆಗೆದ ಅರ್ಧ ನಿಮಿಷದ ವಿಡಿಯೋ ಕೇಳಿ.

ಗೀರುಗಳಿಗೂ ಅದೇ ವಿಡಿಯೋ ಸಾಕು, ಆದರೆ ಇಲ್ಲಿ ನಿಮ್ಮ ಕಣ್ಣು ಚುರುಕಾಗಿರಬೇಕು. ಮುಖಪುಟದ ಮೇಲಿನ ಮಡಿಕೆಯನ್ನೋ, ಬೆನ್ನಿನ ಬಳಿ ಬಣ್ಣ ಎದ್ದ ಸಣ್ಣ ಗೆರೆಗಳನ್ನೋ 'ಅದು ಕೇಸ್ ಮೇಲಿನ ಗೀರು' ಎಂದು ಹೇಳಿ ದಾಟಿಸುವವರಿದ್ದಾರೆ. ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದರೆ ಪ್ಲಾಸ್ಟಿಕ್ ಮೇಲಿನ ಗೀರಿನ ನೆರಳು ಕೆಳಗಿನ ಮುಖಪುಟದ ಮೇಲೆ, ಗೀರಿನಿಂದ ತುಸು ದೂರದಲ್ಲಿ ಬೀಳುತ್ತದೆ. ಬೆಳಕು ಸರಿದಂತೆ ನೆರಳೂ ಸರಿಯುತ್ತದೆ. ಕಾಗದದಲ್ಲೇ ಇರುವ ಮಡಿಕೆ ಇದ್ದಲ್ಲೇ ಇರುತ್ತದೆ. ನಾನೇ ಒಮ್ಮೆ ಮುಂಭಾಗದ ಚಿತ್ರಗಳನ್ನಷ್ಟೇ ನೋಡಿ ಒಂದು ಪ್ರತಿ ತರಿಸಿದ್ದೆ. ಹಿಂಬದಿಯ ಉದ್ದನೆಯ 'ಗೀರು' ಮನೆಗೆ ಬಂದ ಮೇಲೆ ಹಿಂಬದಿಯ ಪುಟದ ಮಡಿಕೆಯಾಗಿತ್ತು. ಗ್ರೇಡ್‌ನಲ್ಲಿ ಅದು ಲೆಕ್ಕಕ್ಕೆ ಸೇರಿಯೇ ಇತ್ತು, ಮೋಸವೇನೂ ಇರಲಿಲ್ಲ. ಕೇಳದೆ ಕೊಂಡದ್ದು ನನ್ನ ತಪ್ಪು.

ಇನ್ನು ಬಿರುಕು. ಅದು ಮೂಲೆಯ ತುದಿಯಲ್ಲಷ್ಟೇ ಇದೆಯೇ, ಅಥವಾ ಎರಡು ಭಾಗಗಳನ್ನು ಬೆಸೆದಿರುವ ಅಂಚಿನವರೆಗೂ ಹೋಗಿದೆಯೇ ಎಂಬುದನ್ನು ತಿಳಿದುಕೊಳ್ಳಿ. ಅಂಚಿನಲ್ಲಿ ಪ್ಲಾಸ್ಟಿಕ್ ಬೆಳ್ಳಗೆ ಮಂಜಾಗಿದ್ದರೆ, ಅಂಟಿನ ಗುರುತಿದ್ದರೆ, ಎರಡು ಭಾಗಗಳ ನಡುವೆ ಉಗುರು ಹೋಗುವಷ್ಟು ಸಂದಿದ್ದರೆ 200 ಅಲ್ಲ, 800 ಡಾಲರ್ ಇಳಿಸಿದರೂ ಮುಟ್ಟಬೇಡಿ. ಕೇಸ್ ಒಮ್ಮೆ ತೆರೆದುಕೊಂಡಿತೆಂದರೆ ಲೇಬಲ್ ಮೇಲಿನ 6.0 ಕೇವಲ ಒಂದು ಮುದ್ರಿತ ಅಂಕಿ.

ಈ ಎಚ್ಚರಿಕೆ ಅತಿಯಾಯಿತು ಎನ್ನಿಸಿದರೆ 2023ರ ಕೊನೆಯಲ್ಲಿ ಬೆಳಕಿಗೆ ಬಂದ ಪ್ರಕರಣವನ್ನು ನೆನಪಿಸಿಕೊಳ್ಳಿ. ಹೆಚ್ಚಿನ ಗ್ರೇಡ್‌ನ ಕೇಸ್‌ಗಳಿಂದ ಮೂಲ ಪ್ರತಿಯನ್ನು ತೆಗೆದು, ಅಲ್ಲಿ ಕಡಿಮೆ ದರ್ಜೆಯ ಪ್ರತಿಯನ್ನಿಟ್ಟು, ಕೇಸ್ ಬದಲಾಯಿಸಿಕೊಡುವ ಸಿಜಿಸಿಯ ರೀಹೋಲ್ಡರ್ ಸೇವೆಯ ಮೂಲಕವೇ ಅದಕ್ಕೆ ಫಳಫಳಿಸುವ ಹೊಸ ಕೇಸ್ ಹಾಕಿಸಿಕೊಂಡದ್ದು ಸಂಗ್ರಾಹಕರನ್ನೆಲ್ಲ ಬೆಚ್ಚಿಬೀಳಿಸಿತು. ಅಂದಿನಿಂದ ನನ್ನ ಅಭಿಪ್ರಾಯ ಸ್ವಲ್ಪ ತಿರುಗಿದೆ: ಬೆಸುಗೆ ಗಟ್ಟಿಯಾಗಿರುವ, ಮೈಯೆಲ್ಲ ತರಚಿದ ಹಳೆಯ ಕೇಸ್ ಎಷ್ಟೋ ಸಲ ಹೊಚ್ಚಹೊಸ ಕೇಸ್‌ಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಲೇಬಲ್ ಮೇಲಿನ ಪ್ರಮಾಣಪತ್ರದ ಸಂಖ್ಯೆಯನ್ನು ಸಿಜಿಸಿಯ ಜಾಲತಾಣದಲ್ಲಿ ಹಾಕಿ, ಸಂಚಿಕೆ, ಗ್ರೇಡ್, ಪುಟಗಳ ಬಣ್ಣದ ವಿವರ, ಗ್ರೇಡ್ ಮಾಡಿದ ದಿನಾಂಕ ಎಲ್ಲವೂ ತಾಳೆಯಾಗುತ್ತವೆಯೇ ನೋಡಿ. ಅದೇ ಪ್ರತಿ ಹಿಂದೆ ಹರಾಜಿನಲ್ಲಿ ಮಾರಾಟವಾಗಿದ್ದರೆ ಡಲ್ಲಾಸ್‌ನ ಹೆರಿಟೇಜ್ ಆಕ್ಷನ್ಸ್ ಸಂಸ್ಥೆಯ ಹಳೆಯ ದಾಖಲೆಯಲ್ಲಿ ಅದರ ಚಿತ್ರ ಸಿಗುವ ಸಾಧ್ಯತೆಯೂ ಇದೆ; ಬೆನ್ನಿನ ಗೆರೆಗಳನ್ನು ಒಂದೊಂದಾಗಿ ಹೋಲಿಸಿ ನೋಡುವಷ್ಟು ತಾಳ್ಮೆ ಇರಲಿ.

ನೀವು ಬಯಸಿದ ಸಂಚಿಕೆಗೆ ಇದರಲ್ಲಿ ಇನ್ನೊಂದು ಮಹತ್ವವಿದೆ. ಎಕ್ಸ್-ಮೆನ್ ತಂಡದ ಜನಪ್ರಿಯ ನಾಯಕ ವುಲ್ವರಿನ್ ಪೂರ್ಣವಾಗಿ ಕಾಣಿಸಿಕೊಂಡ ಮೊದಲ ಸಂಚಿಕೆ ಇದು. 180ರ ಕೊನೆಯ ಪುಟದಲ್ಲಿ ಅವನು ಬರೀ ತಲೆ ಹಾಕಿದ್ದ. ಅಂದಿನ ಮಾರ್ವೆಲ್ ಸಂಚಿಕೆಗಳ ಒಳಪುಟದಲ್ಲಿ ಕತ್ತರಿಸಿ ಅಂಟಿಸಿಕೊಳ್ಳಲೆಂದು ಚೌಕದ ಚೀಟಿಯೊಂದನ್ನು ಮುದ್ರಿಸುತ್ತಿದ್ದರು, ಮಾರ್ವೆಲ್ ವ್ಯಾಲ್ಯೂ ಸ್ಟಾಂಪ್ ಎಂದು. ಈ ಸಂಚಿಕೆಯದು 54ನೆಯದು, ಮಾರ್ವೆಲ್‌ನ ಕಾಡಿನ ನಾಯಕಿ ಶಾನಾಳ ಚಿತ್ರವಿರುವುದು. ಇಪ್ಪತ್ತೈದು ಸೆಂಟ್ಸ್ ಕೊಟ್ಟು ಕೊಂಡ ಹುಡುಗರು ಕತ್ತರಿ ಹಿಡಿದದ್ದರಲ್ಲಿ ತಪ್ಪೇನಿದೆ? ಆದರೆ ಚೀಟಿ ಹೋದ ಪ್ರತಿಗೆ ತೀರ ಕೆಳಗಿನ ಗ್ರೇಡ್ ಅಥವಾ ದೊಡ್ಡ ದೋಷವೊಂದನ್ನು ಹೆಸರಿಸುವ ಹಸಿರು ಲೇಬಲ್ ಸಿಗುತ್ತದೆ. ಮುಚ್ಚಿದ ಕೇಸ್‌ನೊಳಗಿನ ಚೀಟಿಯನ್ನು ನೀವು ನೋಡಲಾರಿರಿ. ಅದು ಇದೆ ಎಂಬುದಕ್ಕೆ ಬೆಸುಗೆ ಬಿಡದ ಕೇಸ್ ಮತ್ತು ನೀಲಿ ಲೇಬಲ್ ಮೇಲಿನ 6.0 ಗ್ರೇಡ್ ಇವೆರಡೇ ಆಧಾರ.

ಮೂಲೆ ಒಡೆದಿದೆ ಎಂದರೆ ಕೇಸ್ ಬಿದ್ದಿದೆ ಎಂದೇ ಬಹುಮಟ್ಟಿಗೆ ಅರ್ಥ. ಬಿದ್ದಾಗ ಕಾಮಿಕ್ ಒಳಗೇ ಜಾರಿ, ಪುಟಗಳಿಗಿಂತ ಕೂದಲೆಳೆಯಷ್ಟು ಹೊರಚಾಚಿರುವ ಮುಖಪುಟದ ಅಂಚು ಜಜ್ಜಿಹೋಗಿರಬಹುದು. ಬಲಗಡೆಯ ಅಂಚನ್ನೂ ಕೆಳಗಿನ ಎರಡು ಮೂಲೆಗಳನ್ನೂ ಹತ್ತಿರದಿಂದ ತೋರಿಸಲು ಹೇಳಿ. ಒಳಗೆ ಹಾನಿಯಾಗಿರದಿದ್ದರೆ ಫ್ಲಾರಿಡಾದ ಸರಸೋಟಾದಲ್ಲಿರುವ ಸಿಜಿಸಿಗೆ ಕಳುಹಿಸಿ ರೀಹೋಲ್ಡರ್ ಮಾಡಿಸಬಹುದು, ಗ್ರೇಡ್ ಹಾಗೆಯೇ ಉಳಿಯುತ್ತದೆ. ಒಳಗಿನ ಪ್ರತಿಗೆ ಪೆಟ್ಟಾಗಿದೆ ಎಂದು ಅವರಿಗೆ ಕಂಡರೆ ಹೊಸದಾಗಿ ಗ್ರೇಡ್ ಮಾಡಬೇಕಾಗುತ್ತದೆ. ಆಗ ಅದು 5.5ಕ್ಕೋ 5.0ಕ್ಕೋ ಇಳಿದರೆ ನಷ್ಟ ನಿಮ್ಮದೇ. ಹೀಗಾಗಿ 200 ಡಾಲರ್‌ನಲ್ಲಿ ರೀಹೋಲ್ಡರ್ ಶುಲ್ಕ, ಹೋಗಿ ಬರುವ ಅಂಚೆ ಮತ್ತು ವಿಮೆ ಎಲ್ಲ ಕಳೆದ ಮೇಲೆ ಏನಾದರೂ ಮಿಗುತ್ತದೆಯೇ ಎಂದು ಕೂಡಿಸಿ ನೋಡಿ. ಮಿಗದಿದ್ದರೆ ಚೌಕಾಸಿ ಮುಂದುವರಿಯಲಿ. ಇನ್ನೂ ಒಳ್ಳೆಯ ದಾರಿಯೆಂದರೆ, ಮಾರುವವರೇ ರೀಹೋಲ್ಡರ್ ಮಾಡಿಸಿ ಕೊಡಲಿ, ನೀವು ಪೂರ್ಣ ಬೆಲೆ ಕೊಡಿ. ಗ್ರೇಡ್ ಉಳಿಯುತ್ತದೆಂಬ ಧೈರ್ಯ ಅವರಿಗಿದ್ದರೆ ಒಪ್ಪುತ್ತಾರೆ.

ಪ್ರಶ್ನೆ: ಬರೀ ಗೀರುಗಳಿದ್ದರೆ ಮನೆಯಲ್ಲೇ ತೆಗೆಯಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ತೆಳುವಾದ ಗೀರುಗಳನ್ನು ತೆಗೆಯಬಹುದು. ಪ್ಲಾಸ್ಟಿಕ್ಕಿಗೆಂದೇ ಇರುವ ಪಾಲಿಶ್ ಸಿಗುತ್ತದೆ; ಸಂಗ್ರಾಹಕರು ಹೆಚ್ಚಾಗಿ ಬಳಸುವುದು ನೋವಸ್. ಅದನ್ನು ಕೇಸ್ ಮೇಲೆ ಸುರಿಯದೆ ಮೆತ್ತನೆಯ ಬಟ್ಟೆಗೆ ಒಂದೆರಡು ಹನಿ ಹಾಕಿಕೊಂಡು ಉಜ್ಜಿ, ಅಂಚಿನ ಬೆಸುಗೆಯಿಂದ ಎರಡು ಬೆರಳಗಲ ದೂರವಿರಿ. ಕೇಸ್ ಗಾಳಿ ಆಡದಷ್ಟು ಭದ್ರವಾಗಿರುವುದಿಲ್ಲ, ದ್ರವ ಸಂದಿಯಿಂದ ಒಳಗಿಳಿಯಬಲ್ಲದು. ಉಗುರಿಗೆ ತಡೆಯುವಷ್ಟು ಆಳವಾದ ಗೀರಾಗಿದ್ದರೆ ಉಜ್ಜಿ ಫಲವಿಲ್ಲ. ಬಿರುಕಿರುವ ಕೇಸ್‌ಗೆ ಪಾಲಿಶ್ ಮುಟ್ಟಿಸಲೇಬೇಡಿ.